ಒಂದೇ ಕುರಿಯ ಹೊಟ್ಟೆಹುಳು, ಪ್ರತಿ ಹುಳುವಿಗೂ ಬೇರೆ ಹಾಪ್ಲೊಟೈಪ್: ಮಾದರಿ ಕೆಟ್ಟಿದೆಯೇ?

ಪಿಪೆಟ್_ಧಾರವಾಡ
ಎಲ್ಲರಿಗೂ ನಮಸ್ಕಾರ. ಕುರಿಯ ರಕ್ತ ಹೀರುವ ಹುಳು ಹೀಮಾಂಕಸ್ ಕಂಟಾರ್ಟಸ್ ಬಗ್ಗೆ ಎರಡು ಪ್ರಶ್ನೆ.

ಒಂದೇ ಕುರಿಯ ನಾಲ್ಕನೇ ಹೊಟ್ಟೆಯಿಂದ ತೆಗೆದ ಹುಳುಗಳ ಮೈಟೋಕಾಂಡ್ರಿಯದ ಎನ್‌ಡಿ4 ಜೀನ್ ಓದಿಸಿದರೆ ಹೆಚ್ಚುಕಡಿಮೆ ಪ್ರತಿ ಹುಳುವಿಗೂ ಬೇರೆ ಬೇರೆ ಹಾಪ್ಲೊಟೈಪ್ (ಡಿಎನ್‌ಎ ಅಕ್ಷರಗಳ ಜೋಡಣೆ) ಬರುತ್ತಿದೆ. ಅದೇ ಹುಳುಗಳ ಐಟಿಎಸ್-2 ಎಂಬ ಡಿಎನ್‌ಎ ತುಂಡು ನೋಡಿದರೆ ಬಹುಪಾಲು ಒಂದೇ ಥರ. ಮೈಕ್ರೋಸ್ಯಾಟಲೈಟ್‌ನಲ್ಲಿ (ಸಣ್ಣ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಡಿಎನ್‌ಎ ಜಾಗ) ಎರಡಕ್ಕಿಂತ ಹೆಚ್ಚು ಪೀಕ್ ಬರಬಾರದ ಕಡೆ ಕೆಲವು ಹುಳುಗಳಿಗೆ ಮೂರು-ನಾಲ್ಕು ಏಳುತ್ತವೆ, ಕೆಲವಕ್ಕೆ ಒಂದೂ ಇಲ್ಲ. ಮಾದರಿ ಕಲುಷಿತವಾಗಿದೆಯೇ, ಅಥವಾ ಈ ಹುಳುವಿನ ಗುಣವೇ ಇದೇ?

ಎರಡನೆಯದು: ಊರೂರು ಅಲೆಯುವ ಹಿಂಡು ಮತ್ತು ರೊಪ್ಪದಲ್ಲೇ ಕಟ್ಟಿ ಮೇಯಿಸುವ ಹಿಂಡು, ಇವೆರಡರ ಹುಳುಗಳನ್ನು ಹೋಲಿಸಲು ಎಷ್ಟು ಹುಳು ಸಾಕು?

ಹಿಕ್ಕೆ_ಪರೀಕ್ಷಕ
ಎನ್‌ಡಿ4 ವಿಷಯದಲ್ಲಿ ಹೆದರಬೇಡಿ. ಹೀಮಾಂಕಸ್‌ನಲ್ಲಿ ಅದು ಹಾಗೇ ಬರುತ್ತದೆ. ಒಂದು ಕುರಿಯ ಹೊಟ್ಟೆಯೊಳಗೇ ಇಡೀ ಜಿಲ್ಲೆಯ ವೈವಿಧ್ಯದ ದೊಡ್ಡ ಪಾಲು ಸಿಕ್ಕಿಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಹೆಣ್ಣು ಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. 100 ಕುರಿಯ ಹಿಂಡು, ಕುರಿಗೆ 500 ಹೆಣ್ಣು ಹುಳು, ಕಡಿಮೆ ಅಂದರೆ 5,000 ಮೊಟ್ಟೆ ಅಂತಿಟ್ಟುಕೊಂಡರೂ ದಿನಕ್ಕೆ 25 ಕೋಟಿ ಮೊಟ್ಟೆ ಆಯಿತು. ಜೀನೋಮ್, ಅಂದರೆ ಹುಳುವಿನ ಇಡೀ ಡಿಎನ್‌ಎ, ಸುಮಾರು 28 ಕೋಟಿ ಬೇಸ್ (ಅಕ್ಷರ). ಸಿ. ಎಲಿಗನ್ಸ್ ಹುಳುವಿನಲ್ಲಿ ಅಳೆದ ರೂಪಾಂತರದ (ಡಿಎನ್‌ಎ ಅಕ್ಷರ ಬದಲಾಗುವ) ದರ ಪೀಳಿಗೆಗೆ, ಬೇಸ್ ಒಂದಕ್ಕೆ, ನೂರು ಕೋಟಿಯಲ್ಲಿ ಎರಡು-ಮೂರು. ಅದನ್ನೇ ಇಲ್ಲಿಗೆ ಹಾಕಿದರೆ, ನೀವು ಯಾವ ಬೇಸ್ ಹೆಸರಿಸಿದರೂ ಅದು ಬದಲಾದ ಒಂದು ಮೊಟ್ಟೆ ಆ ಹಿಂಡಿನ ಹಿಕ್ಕೆಯಲ್ಲಿ ದಿನಕ್ಕೊಮ್ಮೆ ಬೀಳುತ್ತದೆ.

ಜನಸಂಖ್ಯಾ_ತಳಿಶಾಸ್ತ್ರ
ಲೆಕ್ಕ ಸರಿ, ಆದರೆ ಅದನ್ನು ಅಲ್ಲಿಗೇ ಬಿಟ್ಟರೆ ದಾರಿ ತಪ್ಪುತ್ತದೆ. ಆ ಮೊಟ್ಟೆಗಳಲ್ಲಿ ಬಹುಪಾಲು ಬಿಸಿಲಿಗೆ ಒಣಗಿ ಸಾಯುತ್ತವೆ. ಲಾರ್ವಾ ಆದವುಗಳಲ್ಲೂ ಕುರಿಯ ಬಾಯಿಗೆ ಹೋಗುವುದು ಬೆರಳೆಣಿಕೆ. ವೈವಿಧ್ಯ ಉಳಿದಿರುವುದಕ್ಕೆ ಮುಖ್ಯ ಕಾರಣ ದಿನದಿನದ ಹೊಸ ರೂಪಾಂತರಕ್ಕಿಂತ, ಬಹಳ ಕಾಲದಿಂದ ಹುಳುಗಳ ಸಂಖ್ಯೆ ದೊಡ್ಡದಾಗಿಯೇ ಉಳಿದು ಬಂದಿರುವುದು, ಮತ್ತು ಕುರಿಗಳನ್ನು ಮನುಷ್ಯ ಕೊಂಡು ಮಾರಿ ಬೆರೆಸುತ್ತಲೇ ಇರುವುದು.

ಅಮೆರಿಕದಲ್ಲಿ 1995ರಲ್ಲೇ ಇದನ್ನು ತೋರಿಸಿದ್ದರು. ಕುರಿ ಮತ್ತು ದನದ ಹುಳುಗಳಲ್ಲಿ ಊರಿಂದೂರಿಗೆ ವ್ಯತ್ಯಾಸ ಬಹಳ ಕಡಿಮೆ, ವೈವಿಧ್ಯವೆಲ್ಲ ಹಿಂಡಿನ ಒಳಗೇ. ಕಾಡು ಜಿಂಕೆಯ ಹುಳುವಿನಲ್ಲಿ ಮಾತ್ರ ದೂರ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತದೆ. ಜಿಂಕೆಯನ್ನು ಲಾರಿಯಲ್ಲಿ ಸಂತೆಗೆ ಒಯ್ಯುವವರಿಲ್ಲ.

ಬಯಲುಸೀಮೆ_ವೆಟ್
ಮೈಕ್ರೋಸ್ಯಾಟಲೈಟ್‌ನಲ್ಲಿ ಮೂರು-ನಾಲ್ಕು ಪೀಕ್ ಅಂದ್ರಲ್ಲ, ಅವು ಹೆಣ್ಣು ಹುಳುಗಳೇ? ಮೊದಲು ಅದನ್ನು ಹೇಳಿ.

ಪಿಪೆಟ್_ಧಾರವಾಡ
ಹೌದು ಸರ್, ಬಹುತೇಕ ಹೆಣ್ಣೇ. ದಪ್ಪಗಿರುತ್ತವೆ, ಡಿಎನ್‌ಎ ಚೆನ್ನಾಗಿ ಸಿಗುತ್ತದೆ ಅಂತ.

ಬಯಲುಸೀಮೆ_ವೆಟ್
ಉತ್ತರ ಅಲ್ಲೇ ಇದೆ. ಹೆಣ್ಣು ಹುಳುವಿನ ಗರ್ಭಕೋಶದ ತುಂಬ ಫಲಿತ ಮೊಟ್ಟೆ ಇರುತ್ತವೆ. ಒಂದು ಹೆಣ್ಣು ಹಲವು ಗಂಡುಗಳ ಜೊತೆ ಕೂಡುತ್ತದೆ. ಇಡೀ ಹುಳುವನ್ನು ಅರೆದರೆ ತಾಯಿಯ ಎರಡು ಆಲೀಲ್ (ಒಂದೇ ಜಾಗದ ಡಿಎನ್‌ಎ ರೂಪಗಳು) ಜೊತೆಗೆ ಆ ಗಂಡುಗಳದ್ದೂ ಬರುತ್ತದೆ. ಮೈಟೋಕಾಂಡ್ರಿಯ ತಾಯಿಯಿಂದ ಮಾತ್ರ ಬರುವುದರಿಂದ ಎನ್‌ಡಿ4 ಓದು ಕೆಡುವುದಿಲ್ಲ, ತಾಯಿ-ತಂದೆ ಇಬ್ಬರಿಂದಲೂ ಬರುವ ನ್ಯೂಕ್ಲಿಯರ್ ಮಾರ್ಕರ್ ಮಾತ್ರ ಕೆಡುತ್ತದೆ.

ಗಂಡು ಹುಳುವನ್ನೇ ಆರಿಸಿ. 10ರಿಂದ 20 ಮಿ.ಮೀ. ಉದ್ದ, ಒಂದೇ ಸಮನೆ ಕೆಂಪು, ಬಾಲದ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿದ ಬರ್ಸಾ. ಮೈಕ್ರೋಸ್ಕೋಪಿನಲ್ಲಿ ಬರ್ಸಾದ ಬೆನ್ನಿನ ಹಾಲೆ ಒಂದು ಪಕ್ಕಕ್ಕೆ ಸರಿದು ಕೂತಿರುತ್ತದೆ, ಅದರೊಳಗೆ ಕವಲೊಡೆದ ಕಡ್ಡಿ. ಹೆಣ್ಣಾದರೆ 20ರಿಂದ 30 ಮಿ.ಮೀ., ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿ ಅಂಡಾಶಯ ಹುರಿಯಂತೆ ಸುತ್ತಿಕೊಂಡಿರುತ್ತದೆ. ಹೆಣ್ಣೇ ಬೇಕಾದರೆ ತಲೆಯ ಕಡೆಯಿಂದ, ಆ ಬಿಳಿ ಸುತ್ತು ಶುರುವಾಗುವ ಮೊದಲು, ಹೊಸ ಬ್ಲೇಡಿನಲ್ಲಿ ಕತ್ತರಿಸಿ ಅಷ್ಟೇ ತೆಗೆದುಕೊಳ್ಳಿ. ಹುಳುವಿಗೊಂದು ಬ್ಲೇಡ್.

ಜನಸಂಖ್ಯಾ_ತಳಿಶಾಸ್ತ್ರ
ಪೀಕೇ ಬಾರದ ಹುಳುಗಳದ್ದು ಬೇರೆ ಕಥೆ. ಅದು ನಲ್ ಆಲೀಲ್. ಈ ಹುಳುವಿನಲ್ಲಿ ವೈವಿಧ್ಯ ಎಷ್ಟಿದೆಯೆಂದರೆ ಪ್ರೈಮರ್ (ಪ್ರತಿ ತೆಗೆಯಲು ಡಿಎನ್‌ಎಗೆ ಅಂಟಿಸುವ ಚಿಕ್ಕ ತುಂಡು) ಕೂರಬೇಕಾದ ಜಾಗದಲ್ಲೂ ಬೇಸ್ ಬದಲಾಗಿರುತ್ತದೆ. ಪ್ರೈಮರ್ ಕೂರದಿದ್ದರೆ ಆ ಆಲೀಲ್ ಕಾಣುವುದಿಲ್ಲ. ಎರಡೂ ಪ್ರತಿಗಳಲ್ಲಿ ಹಾಗಿದ್ದರೆ ಪೀಕೇ ಇಲ್ಲ, ಒಂದರಲ್ಲಿ ಮಾತ್ರ ಇದ್ದರೆ ಹೆಟೆರೊಜೈಗೋಟ್ (ಎರಡು ಬೇರೆ ಆಲೀಲಿನ) ಹುಳು ಹೋಮೊಜೈಗೋಟ್ (ಎರಡೂ ಒಂದೇ ಆಲೀಲಿನ) ವೇಷ ಹಾಕುತ್ತದೆ. ಎರಡನೆಯದೇ ಅಪಾಯ, ಏಕೆಂದರೆ ಗೊತ್ತೇ ಆಗುವುದಿಲ್ಲ. ಹೆಟೆರೊಜೈಗೋಟ್ ಕಡಿಮೆಯಾಗಿ ಕಂಡು, ‘ಈ ಹಿಂಡಿನಲ್ಲಿ ಒಳಸಂತಾನ ಹೆಚ್ಚು’ ಅಂತ ತಪ್ಪು ತೀರ್ಮಾನ ಬರೆದುಬಿಡುತ್ತಾರೆ. ಹೀಮಾಂಕಸ್‌ನಲ್ಲಿ ಒಳಸಂತಾನದ ಮಾತು ಬಂದ ಕೂಡಲೇ ನಾನು ಮೊದಲು ಪ್ರೈಮರನ್ನೇ ಅನುಮಾನಿಸುತ್ತೇನೆ.

ಪರೀಕ್ಷೆ ಸುಲಭ. ಆ ಹುಳುವಿನ ಡಿಎನ್‌ಎಗೆ ಐಟಿಎಸ್-2 ಪಿಸಿಆರ್ ಹಾಕಿ. ಅದು ಬಂದು ಮೈಕ್ರೋಸ್ಯಾಟಲೈಟ್ ಒಂದೇ ಬಾರದಿದ್ದರೆ ಡಿಎನ್‌ಎ ಚೆನ್ನಾಗಿದೆ, ಪ್ರೈಮರ್ ಕೂರುತ್ತಿಲ್ಲ ಅಂತ ಅರ್ಥ. ಪ್ರೈಮರನ್ನು ಸ್ವಲ್ಪ ಆಚೀಚೆ ಸರಿಸಿ ಹೊಸದಾಗಿ ಮಾಡಿಸಿ, ಇಲ್ಲವೇ ಆ ಲೋಕಸ್ (ಡಿಎನ್‌ಎ ಜಾಗ) ಕೈಬಿಡಿ.

ಹಿಕ್ಕೆ_ಪರೀಕ್ಷಕ
ಐಟಿಎಸ್-2 ಒಂದೇ ಥರ ಬಂದದ್ದರಲ್ಲೂ ಆಶ್ಚರ್ಯವಿಲ್ಲ. ಅದು ಜಾತಿ ಗುರುತಿಸಲು ಇರುವ ಮಾರ್ಕರ್, ಒಂದೇ ಜಾತಿಯೊಳಗಿನ ಹಿಂಡುಗಳನ್ನು ಬೇರ್ಪಡಿಸಲು ಅದಕ್ಕೆ ಶಕ್ತಿ ಸಾಲದು. 231 ಬೇಸ್‌ಗಳಲ್ಲಿ 24, 205, 219ನೇ ಸ್ಥಾನ ನೋಡಿಕೊಳ್ಳಿ. ದನದ ಹೀಮಾಂಕಸ್ ಪ್ಲೇಸಿ ಅಲ್ಲೇ ಬೇರೆಯಾಗುತ್ತದೆ. ದನ-ಕುರಿ ಒಟ್ಟಿಗೆ ಮೇಯುವ ಕಡೆ ಎರಡೂ ಬೆರೆತಿರುತ್ತವೆ. ಮೂರೂ ಸ್ಥಾನದಲ್ಲಿ ಜೋಡಿ ಪೀಕ್ ಬಂದರೆ ಮಿಶ್ರತಳಿಯ ಹುಳು ಇರಬಹುದು.

ಕೆಂಗುರಿ_ಕೊಪ್ಪಳ
ಸರ್, ನೀವೆಲ್ಲಾ ಹುಳದ ಜಾತಕ ಬರಿಯಾಕತ್ತೀರಿ. ನಮಗ ಬೇಕಾಗಿದ್ದು ಇಷ್ಟ: ಅಲ್ಬೆಂಡಜೋಲ್ ಕುಡಿಸಿದರೂ ಗದ್ದದಡಿ ನೀರು ಇಳಿಯೂದು ನಿಲ್ಲವಲ್ದು. ಈ ವೈವಿಧ್ಯಕ್ಕೂ ಅದಕ್ಕೂ ಏನರ ಸಂಬಂಧ ಐತೇನು?

ಜನಸಂಖ್ಯಾ_ತಳಿಶಾಸ್ತ್ರ
ನೇರ ಸಂಬಂಧ ಇದೆ ಅಣ್ಣಾ. ಅಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಎರಡೂ ಹುಳುವಿನ ಬೀಟಾ-ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೊಲ್ಲುತ್ತವೆ. ಆ ಪ್ರೋಟೀನಿನ 167, 198, 200ನೇ ಜಾಗಗಳಲ್ಲಿ ಒಂದು ಬದಲಾದರೂ ಔಷಧ ಅಂಟುವುದಿಲ್ಲ. 200ರಲ್ಲಿ ಟಿಟಿಸಿ ಹೋಗಿ ಟಿಎಸಿ ಆಗುತ್ತದೆ. ಒಂದೇ ಅಕ್ಷರದ ಬದಲಾವಣೆ. ವೈವಿಧ್ಯ ಇಷ್ಟಿರುವ ಹಿಂಡಿನಲ್ಲಿ ಔಷಧ ಕುಡಿಸುವ ಮೊದಲೇ ಅಂಥ ಹುಳು ಅಲ್ಲೊಂದು ಇಲ್ಲೊಂದು ಇರುತ್ತವೆ. ಔಷಧ ಅವನ್ನು ಹುಟ್ಟಿಸುವುದಿಲ್ಲ. ಉಳಿದವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಡುತ್ತದೆ.

ಇದರಲ್ಲಿ ಒಂದು ಕುತ್ತು ಇದೆ. ಈ ಗುಣ ಬಹುಮಟ್ಟಿಗೆ ರಿಸೆಸಿವ್. ತಾಯಿ-ತಂದೆ ಎರಡೂ ಕಡೆಯಿಂದ ಈ ಬದಲಾವಣೆ ಬಂದ ಹುಳು ಮಾತ್ರ ಬದುಕುತ್ತದೆ. ಹಿಂಡಿನಲ್ಲಿ ಆ ಆಲೀಲ್ ಶೇ. 10 ಇದ್ದರೆ ಬದುಕುವ ಹುಳು ಶೇ. 1 ಮಾತ್ರ. ಔಷಧ ಶೇ. 99 ಕೆಲಸ ಮಾಡಿದಂತೆ ಕಾಣುತ್ತದೆ, ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಬದುಕುವ ಹುಳು ಶೇ. 5ಕ್ಕೆ ಏರುವ ಹೊತ್ತಿಗೆ ಆಲೀಲ್ ಶೇ. 22 ದಾಟಿರುತ್ತದೆ. ಹಿಕ್ಕೆ ಪರೀಕ್ಷೆ ಕೂಗಿ ಹೇಳುವುದೇ ಅಲ್ಲಿಂದ ಮುಂದೆ.

ಕೆಂಗುರಿ_ಕೊಪ್ಪಳ
ಹಂಗಾದ್ರ ನಮ್ಮ ಕಡಿ ಎಲ್ಲಾರೂ ಮಳಿ ಬರೂಕಿಂತ ಮೊದಲ, ಬ್ಯಾಸಿಗ್ಯಾಗ, ಇಡೀ ಹಿಂಡಿಗೆ ಕುಡಸ್ತಾರಲ್ಲ, ಅದು ತಪ್ಪಂತೀರೇನು?

ಬಯಲುಸೀಮೆ_ವೆಟ್
ತಪ್ಪು ಅಂತಲೇ ಹೇಳಬೇಕು. ಏಪ್ರಿಲ್-ಮೇ ಬಿಸಿಲಿಗೆ ಹುಲ್ಲುಗಾವಲಿನಲ್ಲಿ ಲಾರ್ವಾ ಹೆಚ್ಚು ದಿನ ಉಳಿಯುವುದಿಲ್ಲ. ಆಗ ಊರಿನ ಹುಳುವೆಲ್ಲ ಕುರಿಯ ಹೊಟ್ಟೆಯೊಳಗೇ ಇರುತ್ತದೆ. ಅದೇ ಹೊತ್ತಿಗೆ ಒಂದೂ ಬಿಡದೆ ಕುಡಿಸಿದರೆ ಉಳಿಯುವುದು ಔಷಧಕ್ಕೆ ಬಗ್ಗದ ಹುಳು ಮಾತ್ರ. ಮಳೆ ಬಿದ್ದ ಮೇಲೆ ಹಸಿರಿನ ಮೇಲೆ ಹತ್ತುವ ಲಾರ್ವಾ ಎಲ್ಲ ಅದರ ಮಕ್ಕಳೇ. ಮಳೆಗಾಲದಲ್ಲಾದರೆ ಹುಲ್ಲಿನಲ್ಲಿ ಔಷಧ ಕಾಣದ ಲಾರ್ವಾ ಲಕ್ಷಗಟ್ಟಲೆ ಇರುತ್ತವೆ. ಬದುಕಿ ಉಳಿದ ಕೆಲವು ಹುಳುಗಳು ಅವುಗಳ ಜೊತೆ ಕೂಡಿ, ಆಲೀಲ್ ತೆಳುವಾಗುತ್ತದೆ.

ಸಂತೆ_ಟಗರು
ಅಂದರೆ ಸಾಯುವ ಕುರಿಗೂ ಔಷಧ ಕೊಡಬೇಡಿ ಅಂತೀರಾ? ಒಂದು ಹುಳು ದಿನಕ್ಕೆ 0.05 ಮಿ.ಲೀ. ರಕ್ತ ಕುಡಿಯುತ್ತದೆ, 1,000 ಹುಳುವಿಗೆ 50 ಮಿ.ಲೀ. ಆಯಿತು. 20 ಕಿಲೋದ ಮರಿ ಎಷ್ಟು ದಿನ ತಡೆಯುತ್ತದೆ? ಪ್ರಯೋಗಶಾಲೆಯಲ್ಲಿ ಕೂತು ‘ಆಲೀಲ್ ಉಳಿಸಿ’ ಅನ್ನುವುದು ಸುಲಭ.

ಬಯಲುಸೀಮೆ_ವೆಟ್
ಹಾಗೆ ಯಾರೂ ಹೇಳಲಿಲ್ಲ. ಬೇಕಾದ ಕುರಿಗೆ ಖಂಡಿತ ಕೊಡಿ, ತಡ ಮಾಡದೆ ಕೊಡಿ. ಬೇಡದ ಕುರಿಗೆ ಕೊಡಬೇಡಿ.

ದಕ್ಷಿಣ ಆಫ್ರಿಕದವರು ಇದಕ್ಕೆಂದೇ, ಕಣ್ಣಿನ ಒಳಪೊರೆಯ ಬಣ್ಣದಿಂದ ರಕ್ತಹೀನತೆ ಅಳೆಯುವ ಫಮಾಚಾ ಚಾರ್ಟ್ ಮಾಡಿದ್ದಾರೆ. ಮೇಲ್ರೆಪ್ಪೆಯನ್ನು ಹೆಬ್ಬೆರಳಿನಿಂದ ಮುಚ್ಚಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಒಳಪೊರೆ ಉಬ್ಬಿ ಹೊರಬರುತ್ತದೆ. ಬಿಸಿಲಿನಲ್ಲಿ ನಿಂತು, ಕ್ಷಣದಲ್ಲಿ ನೋಡಿ ಬಿಡಿ. ಹೆಚ್ಚು ಹೊತ್ತು ಎಳೆದು ಹಿಡಿದರೆ ಕೆಂಪಾಗಿ ಮೋಸವಾಗುತ್ತದೆ. 1 ಅಂದರೆ ಕಡುಕೆಂಪು, 5 ಅಂದರೆ ಬಿಳಿ. 4 ಮತ್ತು 5ಕ್ಕೆ ಔಷಧ. ಮರಿಗಳಿಗೆ, ಸೊರಗಿದ ಕುರಿಗೆ, ಈಯಲು ಹತ್ತಿರವಾದ ಕುರಿಗೆ 3 ಇದ್ದರೂ ಕೊಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು. ನೆನಪಿರಲಿ, ಲಿವರ್ ಫ್ಲೂಕ್ (ಯಕೃತ್ತಿನ ಚಪ್ಪಟೆಹುಳು) ಅಥವಾ ಉಣ್ಣಿ ಕಾಟದಿಂದಲೂ ಕಣ್ಣು ಬಿಳಿಚುತ್ತದೆ. ಕೆರೆ ಬದಿಯಲ್ಲಿ ಮೇಯುವ ಹಿಂಡಾದರೆ ಫ್ಲೂಕ್ ಮೊಟ್ಟೆಯನ್ನೂ ಹುಡುಕಿಸಿ.

ಸಂತೆ_ಟಗರು
ಇದು ಒಪ್ಪುತ್ತೇನೆ. ಆದರೆ 300 ಕುರಿಯ ಕಣ್ಣು ನೋಡಲು ಆಳು ಎಲ್ಲಿದ್ದಾರೆ?

ಕೆಂಗುರಿ_ಕೊಪ್ಪಳ
ರೊಪ್ಪದ ಬಾಗಲದಾಗ ಒಂದೊಂದ ಬಿಟ್ಟು ನೋಡಿದ್ರ ಆಗತೈತ್ರಿ. ಹೆಂಗೂ ಎಣಸತೀವಲ್ಲ.

ಔಷಧ_ಅಳತೆ
ಕೊಪ್ಪಳದ ಅಣ್ಣನಿಗೆ ಒಂದು ಮಾತು. ಔಷಧ ಕೆಲಸ ಮಾಡಲಿಲ್ಲ ಅಂದ ತಕ್ಷಣ ರೂಪಾಂತರದ ಮೇಲೆ ಹಾಕಬೇಡಿ, ಮೊದಲು ಅಳತೆ ನೋಡಿ. 2.5% ಅಲ್ಬೆಂಡಜೋಲ್‌ನಲ್ಲಿ ಮಿ.ಲೀ.ಗೆ 25 ಮಿ.ಗ್ರಾಂ. ಕುರಿಗೆ ಕಿಲೋಗೆ 5 ಮಿ.ಗ್ರಾಂ. ಅಂದರೆ 30 ಕಿಲೋ ಕುರಿಗೆ 6 ಮಿ.ಲೀ. ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಗುಂಪಿನ ಅತಿ ಭಾರದ ಕುರಿಯನ್ನು ತೂಗಿ ಅದಕ್ಕೆ ತಕ್ಕ ಅಳತೆಯಲ್ಲೇ ಎಲ್ಲಕ್ಕೂ ಕೊಡಿ, ಮರಿಗಳನ್ನು ಬೇರೆ ಗುಂಪು ಮಾಡಿ. ಬಾಟಲಿ ಕುಲುಕದಿದ್ದರೆ ಔಷಧ ತಳದಲ್ಲಿ ಕೂತು, ಮೊದಲ ಕುರಿಗಳಿಗೆ ನೀರು, ಕೊನೆಯವಕ್ಕೆ ಗಸಿ. ಡ್ರೆಂಚಿಂಗ್ ಗನ್ನಿನ ಮೂತಿ ನಾಲಿಗೆಯ ಬುಡದ ಮೇಲಿರಬೇಕು. ಬಾಯಿ ಮುಂದೆ ಸುರಿದರೆ ಔಷಧ ಮೊದಲ ಹೊಟ್ಟೆ ತಪ್ಪಿಸಿ ಮುಂದೆ ಹೋಗಿ ಬೇಗ ಕಳೆದುಹೋಗಬಹುದು. ಗಬ್ಬ ನಿಂತ ಮೊದಲ ತಿಂಗಳಲ್ಲಿ ಅಲ್ಬೆಂಡಜೋಲ್ ಬೇಡ.

ಮೇಕೆಗೆ ಕುರಿಯ ಅಳತೆ ಸಾಲದು. ಮೇಕೆಯ ದೇಹ ಈ ಔಷಧವನ್ನು ಬೇಗ ಹೊರಹಾಕುತ್ತದೆ. ಕುರಿ-ಮೇಕೆ ಬೆರೆತ ಹಿಂಡಿನಲ್ಲಿ ಎಲ್ಲಕ್ಕೂ ಕುರಿಯ ಅಳತೆ ಕೊಡುವುದು ಮೇಕೆಯೊಳಗೆ ಔಷಧಕ್ಕೆ ಬಗ್ಗದ ಹುಳು ಬೆಳೆಸಿ ಕುರಿಗೆ ದಾಟಿಸಿದಂತೆ. ಮೇಕೆಯ ಅಳತೆ ಪಶುವೈದ್ಯರಿಂದಲೇ ಕೇಳಿ. ಲೆವಮಿಸೋಲ್ ಎಂಬ ಇನ್ನೊಂದು ಹುಳುವಿನ ಔಷಧ ಹೆಚ್ಚಾದರೆ ಮೇಕೆ ತಡೆಯುವುದಿಲ್ಲ.

ಹಿಕ್ಕೆ_ಪರೀಕ್ಷಕ
ಅಳತೆ ಸರಿ ಮಾಡಿ ಕುಡಿಸಿದ ಮೇಲೂ ಅನುಮಾನ ಇದ್ದರೆ ಎಣಿಸಿ. 10-15 ಕುರಿಗಳ ಗುದದಿಂದಲೇ ಹಿಕ್ಕೆ ತೆಗೆಯಿರಿ, ನೆಲದಿಂದ ಆರಿಸಬೇಡಿ. 2 ಗ್ರಾಂ ಹಿಕ್ಕೆ, 28 ಮಿ.ಲೀ. ಉಪ್ಪಿನ ಗಟ್ಟಿ ದ್ರಾವಣ. ಅರೆದು, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮೊಟ್ಟೆ ಎಣಿಸುವ ಮೆಕ್‌ಮಾಸ್ಟರ್ ಸ್ಲೈಡಿನ ಎರಡೂ ಕೋಣೆ ತುಂಬಿ ಐದು ನಿಮಿಷ ಬಿಡಿ. ಎರಡೂ ಕೋಣೆಯ ಮೊಟ್ಟೆ ಕೂಡಿಸಿ 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಮೊಟ್ಟೆ ಎಂದು ಸಿಗುತ್ತದೆ. ಅಲ್ಬೆಂಡಜೋಲ್ ಕುಡಿಸಿ 10-14 ದಿನಕ್ಕೆ ಅದೇ ಕುರಿಗಳದ್ದನ್ನು ಮತ್ತೆ ಎಣಿಸಿ. ಶೇ. 95ಕ್ಕಿಂತ ಕಡಿಮೆ ಇಳಿದಿದ್ದರೆ ಔಷಧ ಸೋತಿದೆ.

ಮೊಟ್ಟೆ ನೋಡಿ ಹೀಮಾಂಕಸ್ ಅಂತ ಹೇಳಲು ಆಗುವುದಿಲ್ಲ, ಜೊತೆಗಿರುವ ಬೇರೆ ಹುಳುಗಳದ್ದೂ ಹಾಗೇ ಕಾಣುತ್ತದೆ. ಹಿಕ್ಕೆಯನ್ನು 25-27 ಡಿಗ್ರಿಯಲ್ಲಿ ತೇವವಾಗಿಟ್ಟು ಒಂದು ವಾರ ಲಾರ್ವಾ ಬೆಳೆಸಿ ನೋಡಬೇಕು.

ಪಿಪೆಟ್_ಧಾರವಾಡ
ಆ ಲಾರ್ವಾಗಳನ್ನೇ ಡಿಎನ್‌ಎಗೆ ಬಳಸಬಹುದಲ್ಲವೇ? ಕುರಿ ಕೊಯ್ಯುವುದನ್ನು ಕಾಯಬೇಕಿಲ್ಲ.

ಜನಸಂಖ್ಯಾ_ತಳಿಶಾಸ್ತ್ರ
ಬಳಸಬಹುದು, ಒಂದು ಎಚ್ಚರಿಕೆಯೊಂದಿಗೆ. ಒಂದೇ ಕುರಿಯ ಹಿಕ್ಕೆಯಿಂದ ಬೆಳೆಸಿದರೆ ಕೆಲವೇ ತಾಯಿಹುಳುಗಳ ಮಕ್ಕಳು ಮೇಲುಗೈ ಆಗಬಹುದು. ಒಡಹುಟ್ಟಿದವನ್ನು ಎಣಿಸಿ ಹಿಂಡಿನ ಆಲೀಲ್ ಪ್ರಮಾಣ ಅಂದರೆ ನಡೆಯದು. ಹಲವು ಕುರಿಗಳ ಹಿಕ್ಕೆ ಸಮತೂಕದಲ್ಲಿ ಸೇರಿಸಿ. ಮೂರನೇ ಹಂತದ ಲಾರ್ವಾಕ್ಕೆ ಗಟ್ಟಿ ಹೊದಿಕೆ ಇರುತ್ತದೆ, ಪ್ರೋಟೀನ್ ಕರಗಿಸುವ ಪ್ರೊಟೀನೇಸ್-ಕೆ ಹಾಕಿ ರಾತ್ರಿಯಿಡೀ ಬಿಟ್ಟರೂ ಕೆಲವು ಕರಗುವುದಿಲ್ಲ. ಹಾಗೆ ಬಿಟ್ಟುಹೋದ ಲಾರ್ವಾವನ್ನು ನಲ್ ಆಲೀಲ್ ಅಂದುಕೊಳ್ಳಬೇಡಿ.

ಎಷ್ಟು ಹುಳು ಬೇಕು ಅಂದ್ರಲ್ಲ: ಹಿಂಡಿಗೆ ಕನಿಷ್ಠ 30. ಶೇ. 5 ಇರುವ ಆಲೀಲ್ 30 ಹುಳುಗಳ 60 ಪ್ರತಿಗಳಲ್ಲಿ ಒಮ್ಮೆಯೂ ಕಾಣದಿರುವ ಸಾಧ್ಯತೆ ಶೇ. 5ಕ್ಕಿಂತ ಕಡಿಮೆ. 10 ಹುಳು ಮಾತ್ರ ನೋಡಿದರೆ ಶೇ. 36 ಸಲ ಅದು ಕಣ್ಣು ತಪ್ಪಿಸುತ್ತದೆ. ಅಪರೂಪದ ಆಲೀಲೇ ನಾಳಿನ ತೊಂದರೆ, ಹಾಗಾಗಿ 10ಕ್ಕೆ ನಿಲ್ಲಿಸಬೇಡಿ. ಆ 30 ಹುಳುಗಳೂ ಒಂದೇ ಕುರಿಯವಾಗಬಾರದು.

ಬಯಲುಸೀಮೆ_ವೆಟ್
ಕಸಾಯಿಖಾನೆಯ ಹುಳುವನ್ನು ‘ಇಂಥ ಊರಿನ ಹಿಂಡು’ ಅಂತ ಬರೆಯುವುದೂ ನಿಲ್ಲಬೇಕು. ಅಮೀನಗಡ, ಶಿರಾ ಸಂತೆಯಲ್ಲಿ ಕೈಬದಲಾದ ಕುರಿ ಯಾವ ಊರಿನ ಹುಳು ಹೊತ್ತಿದೆಯೋ ಯಾರಿಗೆ ಗೊತ್ತು.

ಜನಸಂಖ್ಯಾ_ತಳಿಶಾಸ್ತ್ರ
ಇದಕ್ಕೆ ದಕ್ಷಿಣ ಭಾರತದ್ದೇ ಪುರಾವೆ ಇದೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಲ್ಲಿನ ಹುಳುಗಳ 200ನೇ ಜಾಗದ ರೂಪಾಂತರ ಬೇರೆ ಬೇರೆ ಹಾಪ್ಲೊಟೈಪ್‌ಗಳ ಮೇಲೆ ಸಿಕ್ಕಿತು. ಅಂದರೆ ಅದು ಹಲವು ಸಲ, ಹಲವು ಕಡೆ ಹುಟ್ಟಿದೆ. 198ರದ್ದು ಮಾತ್ರ ದೂರದೂರದ ಊರುಗಳಲ್ಲೂ ಒಂದೇ ಹಾಪ್ಲೊಟೈಪ್ ಮೇಲಿತ್ತು. ಒಮ್ಮೆ ಹುಟ್ಟಿ, ಕುರಿ-ಮೇಕೆ ಸಾಗಣೆಯ ಜೊತೆ ಹರಡಿದೆ. ಪಿಪೆಟ್ ಅವರೇ, ನೀವು 200 ಮಾತ್ರ ನೋಡುವ ಪಿಸಿಆರ್ ಹಾಕಿ ‘ನಿರೋಧಕತೆ ಇಲ್ಲ’ ಅಂತ ಬರೆದರೆ ನಮ್ಮ ಸೀಮೆಯಲ್ಲಿ ಅದು ಅರ್ಧ ಸತ್ಯ. 198 ಕಡ್ಡಾಯವಾಗಿ ನೋಡಿ. ಎರಡೂ ಹತ್ತಿರ ಇರುವುದರಿಂದ ಒಂದೇ ತುಂಡಿನಲ್ಲಿ ಓದಬಹುದು.

ಸಂತೆ_ಟಗರು
ಅಲ್ಬೆಂಡಜೋಲ್ ಸೋತರೆ ಐವರ್‌ಮೆಕ್ಟಿನ್ ಇದೆಯಲ್ಲ. ವರ್ಷಕ್ಕೊಂದು ಔಷಧ ಬದಲಿಸಿದರೆ ಮುಗಿಯಿತು.

ಹಿಕ್ಕೆ_ಪರೀಕ್ಷಕ
ಮುಗಿಯುವುದಿಲ್ಲ. ಅಲ್ಬೆಂಡಜೋಲ್ ಗುಂಪಿನದೇ ಆದ ಥಯಾಬೆಂಡಜೋಲ್ 1961ರಲ್ಲಿ ಬಂತು, 1964ಕ್ಕೇ ಅದಕ್ಕೆ ಬಗ್ಗದ ಹೀಮಾಂಕಸ್ ವರದಿಯಾಯಿತು. ಐವರ್‌ಮೆಕ್ಟಿನ್ 1981ರಲ್ಲಿ ಬಂತು, ಆ ದಶಕದಲ್ಲೇ ದಕ್ಷಿಣ ಆಫ್ರಿಕದ ಕುರಿಗಳಲ್ಲಿ ಸೋತಿತು. ಐವರ್‌ಮೆಕ್ಟಿನ್ ನಿರೋಧಕತೆಯ ಮುಖ್ಯ ಜಾಗ 5ನೇ ಕ್ರೋಮೋಸೋಮಿನಲ್ಲಿದೆ, ಬೀಟಾ-ಟ್ಯೂಬುಲಿನ್ ಇರುವುದು 1ನೇಯದರಲ್ಲಿ. ಎರಡು ಬೇರೆ ಬೀಗ ನಿಜ, ಆದರೆ ಎರಡರ ಕೀಲಿಯೂ ಒಂದೇ ಹುಳುವಿನ ಬಳಿ ಸೇರಬಹುದು. ಯಾವುದು ಕೆಲಸ ಮಾಡುತ್ತಿದೆ ಎಂದು ಎಣಿಸಿ ನೋಡದೆ ಬದಲಿಸುವುದರಿಂದ ಲಾಭವಿಲ್ಲ.

ಔಷಧ_ಅಳತೆ
ಕ್ಲೋಸಾಂಟೆಲ್ ರಕ್ತ ಕುಡಿಯುವ ಹುಳುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ವಾರಗಟ್ಟಲೆ ಉಳಿಯುತ್ತದೆ. ಅಳತೆ ಮೀರಿದರೆ ಕುರಿಗೆ ಕಣ್ಣೇ ಹೋಗುತ್ತದೆ. ಕೊಯ್ಯುವ ಮೊದಲು ಎಷ್ಟು ದಿನ ಬಿಡಬೇಕು ಅಂತ ಲೇಬಲ್ ಓದಿ.

ಶಾಲೆ_ಮೇಡಂ
ವಿಷಯ ಸ್ವಲ್ಪ ಬೇರೆ. ಫೆಬ್ರವರಿ 10, ಆಗಸ್ಟ್ 10ಕ್ಕೆ ಮಕ್ಕಳಿಗೆ ಕೊಡುವ 400 ಮಿ.ಗ್ರಾಂ. ಮಾತ್ರೆಯೂ ಅಲ್ಬೆಂಡಜೋಲ್ ತಾನೇ? ಅಲ್ಲೂ ಹೀಗೇ ಆಗುತ್ತದೆಯೇ?

ಜನಸಂಖ್ಯಾ_ತಳಿಶಾಸ್ತ್ರ
ಅದೇ ಔಷಧ ಮೇಡಂ, ಅದೇ ಪ್ರೋಟೀನ್. ಮಕ್ಕಳಿಗೆ ಮಾತ್ರೆ ತಪ್ಪಿಸಬೇಡಿ, ಅದರಿಂದ ರಕ್ತಹೀನತೆ ತಪ್ಪುತ್ತಿದೆ. ಅಲ್ಲಿ ಮಾತ್ರೆ ನುಂಗದ ದೊಡ್ಡವರಲ್ಲಿ, ಮಣ್ಣಿನಲ್ಲಿ ಬಹಳ ಹುಳು ಉಳಿದಿರುತ್ತದೆ, ಹಾಗಾಗಿ ಒತ್ತಡ ಕಡಿಮೆ. ನಿಗಾ ಮಾತ್ರ ಬೇಕು. ಅಮೆರಿಕದಲ್ಲಿ ನಾಯಿಯ ಕೊಕ್ಕೆಹುಳುವಿನಲ್ಲಿ ಇದೇ 167ನೇ ಜಾಗದ ರೂಪಾಂತರ ಈಗಾಗಲೇ ಸಿಕ್ಕಿದೆ.

ಕೆಂಗುರಿ_ಕೊಪ್ಪಳ
ಹುಳ ತಡಿಯೂ ಕುರಿ ತಳಿ ಐತೇನ್ರಿ?

ಬಯಲುಸೀಮೆ_ವೆಟ್
ಬಂಗಾಳದ ಸುಂದರಬನದ ಗರೋಲೆ ಕುರಿ ಹೀಮಾಂಕಸ್ ತಡೆಯುವುದರಲ್ಲಿ ಹೆಸರಾದದ್ದು. ಮೈಕಟ್ಟು ಸಣ್ಣದು. ನಿಮ್ಮ ಹಿಂಡಿನಲ್ಲೇ ಮಳೆಗಾಲ ಪೂರ್ತಿ ಕಣ್ಣು ಕೆಂಪಾಗಿಯೇ ಇರುವ ಕುರಿಗಳಿಗೆ ಕಿವಿಯಲ್ಲಿ ಗುರುತು ಹಾಕಿ, ಅವುಗಳ ಮರಿಯನ್ನೇ ಟಗರಿಗೆ ಬಿಡಿ. ಮೂರು ಸಲ ಔಷಧ ಬೇಡಿದ ಕುರಿಯನ್ನು ಮಾರಿ.

ಪಿಪೆಟ್_ಧಾರವಾಡ
ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಹುಳುಗಳನ್ನು ಹೊರಗಿನ ಲ್ಯಾಬಿಗೆ ಕಳಿಸಬೇಕು. ಕೊರಿಯರ್‌ನವರು ಎಥನಾಲ್ ಒಯ್ಯಲು ಒಪ್ಪುತ್ತಿಲ್ಲ.

ಹಿಕ್ಕೆ_ಪರೀಕ್ಷಕ
ಹೊಟ್ಟೆಯಿಂದ ತೆಗೆದ ಕೂಡಲೇ ಉಪ್ಪುನೀರಿನಲ್ಲಿ ಮೂರು-ನಾಲ್ಕು ಸಲ ತೊಳೆಯಿರಿ. ಕುರಿಯ ರಕ್ತ ಅಂಟಿದ್ದರೆ ಪಿಸಿಆರ್ ಕೈಕೊಡುತ್ತದೆ. ಟ್ಯೂಬಿಗೆ ಒಂದೇ ಹುಳು, 70%ಕ್ಕೆ ಕಡಿಮೆಯಿಲ್ಲದ ಎಥನಾಲ್. ಮರುದಿನ ಹಳೆಯದನ್ನು ಚೆಲ್ಲಿ ಹೊಸದು ಹಾಕಿ, ಹುಳು ಬಿಟ್ಟ ನೀರಿನಿಂದ ಅದು ತೆಳುವಾಗಿರುತ್ತದೆ. ಫಾರ್ಮಲಿನ್ ಹತ್ತಿರ ತರಬೇಡಿ. ಕಳಿಸುವ ದಿನ ಎಥನಾಲ್ ಬಸಿದು, ಹುಳು ಒದ್ದೆಯಾಗಿರುವಷ್ಟು ಮಾತ್ರ ಉಳಿಸಿ, ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ. ಅಲ್ಲಿ ತಲುಪಿದ ಕೂಡಲೇ ಮತ್ತೆ ತುಂಬಲು ಹೇಳಿ.

ಬಯಲುಸೀಮೆ_ವೆಟ್
ಹೆಸರನ್ನು ಪೆನ್ಸಿಲಿನಲ್ಲಿ ಚೀಟಿಗೆ ಬರೆದು ಟ್ಯೂಬಿನ ಒಳಗೇ ಹಾಕಿ. ಮಾರ್ಕರ್ ಶಾಯಿಯನ್ನು ಎಥನಾಲ್ ಅಳಿಸಿಬಿಡುತ್ತದೆ. ಯಾವ ಹಿಂಡು, ಯಾವ ಕುರಿ, ಗಂಡೋ ಹೆಣ್ಣೋ, ಕೊನೆಯ ಸಲ ಯಾವ ಔಷಧ ಯಾವತ್ತು ಕುಡಿಸಿದ್ದು, ನಾಲ್ಕೂ ಬೇಕು.